ಚಿಕೋದ ಪೇಲ್ ಏಲ್ ಮತ್ತು ನನ್ನ ಮೂರು ಹಂಡೆ ಬಿಯರ್

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ 99ನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 145 ಕಿಲೋಮೀಟರ್ ಹೋದರೆ ಚಿಕೋ ಎಂಬ ಊರು ಸಿಗುತ್ತದೆ. ಮೇ ತಿಂಗಳ ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೊರಟಾಗ ದಾರಿಯ ಇಕ್ಕೆಲಗಳಲ್ಲೂ ನೀರು ನಿಲ್ಲಿಸಿದ ಭತ್ತದ ಗದ್ದೆಗಳಿದ್ದವು. ಹಾಸನದ ಕಡೆಯವನಾದ ನನಗೆ ಆ ನೋಟ ಹೊಸದಲ್ಲ. ಆದರೆ ಗದ್ದೆಯಲ್ಲಿ ಒಬ್ಬ ಆಳೂ ಇಲ್ಲದೆ, ಪುಟ್ಟ ವಿಮಾನವೊಂದು ತಗ್ಗಿ ಹಾರುತ್ತ ನೆನೆಸಿದ ಬಿತ್ತನೆ ಭತ್ತವನ್ನು ಮೇಲಿನಿಂದಲೇ ಎರಚಿಕೊಂಡು ಹೋಗುವುದನ್ನು ಕಂಡು ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿದೆವು. ನಾವು ಹೊರಟಿದ್ದದ್ದು ಸಿಯೆರಾ ನೆವಾಡಾ ಎಂಬ ಬ್ರೂವರಿಯನ್ನು, ಅಂದರೆ ಬಿಯರ್ ತಯಾರಿಸುವ ಕಾರ್ಖಾನೆಯನ್ನು, ನೋಡಲು. ಹಸಿರು ಚೀಟಿ ಅಂಟಿಸಿದ ಅದರ ಪೇಲ್ ಏಲ್ ಎಂಬ ಬಿಯರಿನ ಬಾಟಲಿಯನ್ನು ವರ್ಷಗಟ್ಟಲೆ ಅಂಗಡಿಯಿಂದ ತಂದು ಕುಡಿದಿದ್ದರೂ ಅದು ಎಲ್ಲಿಂದ ಬರುತ್ತದೆ, ಯಾರು ಮಾಡುತ್ತಾರೆ ಎಂಬ ಯೋಚನೆ ನನಗೆ ಅದುವರೆಗೂ ಬಂದಿರಲಿಲ್ಲ.

ಅಮೆರಿಕದ ಬ್ರೂವರಿಗಳ ಸಂಘದ ಲೆಕ್ಕದಲ್ಲಿ ವರ್ಷಕ್ಕೆ 15,000ದಿಂದ 60 ಲಕ್ಷ ಬ್ಯಾರೆಲ್‌ವರೆಗೆ ಬಿಯರ್ ತಯಾರಿಸುವವರನ್ನು ಪ್ರಾದೇಶಿಕ ಬ್ರೂವರಿ ಎನ್ನುತ್ತಾರೆ. ಒಂದು ಬ್ಯಾರೆಲ್ ಎಂದರೆ ಸುಮಾರು 117 ಲೀಟರ್. ಸಿಯೆರಾ ನೆವಾಡಾ ಇಂದು ಆ ವರ್ಗಕ್ಕೆ ಸೇರಿದೆ. ಆದರೆ ಆರಂಭವಾದಾಗ ಅದನ್ನು ಯಾವ ವರ್ಗಕ್ಕೂ ಸೇರಿಸುವಂತಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಇಡೀ ಅಮೆರಿಕದಲ್ಲಿ ಉಳಿದಿದ್ದ ಬ್ರೂವರಿಗಳು ನೂರಕ್ಕೂ ಕಡಿಮೆ, ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ತೆಳುವಾದ, ತಿಳಿ ಹಳದಿಯ ಲಾಗರ್ ಬಿಯರನ್ನು ಮಾಡುತ್ತಿದ್ದವು. ಬೇರೆ ರುಚಿ ಬೇಕೆಂದವರು ಮನೆಯಲ್ಲೇ ಮಾಡಿಕೊಳ್ಳಬೇಕಿತ್ತು, ಹಾಗೆ ಮಾಡಿಕೊಳ್ಳುವುದು ಕಾನೂನಿಗೆ ವಿರುದ್ಧವಾಗಿತ್ತು. 1933ರಲ್ಲಿ ಪಾನನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಲು ಅವಕಾಶ ಸಿಕ್ಕಿತೇ ಹೊರತು ಬಿಯರ್ ಮಾಡಲು ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮಸೂದೆ 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ, ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದೆಂದಾಯಿತು. ಮಾರುವ ಹಾಗಿಲ್ಲ. ನಾನು ಮುಂದೆ ಹೇಳಲಿರುವ ಮೂರು ಹಂಡೆಗಳೂ ಈ ಕಾನೂನಿನ ನೆರಳಿನಲ್ಲೇ ಒಲೆಯೇರಿದವು.

ಕೆನ್ ಗ್ರಾಸ್‌ಮನ್ ಈ ಕಾನೂನಿಗೂ ಮೊದಲೇ, 1976ರಲ್ಲಿ, ಚಿಕೋದಲ್ಲಿ ಮನೆಬಿಯರ್ ಸಾಮಗ್ರಿಗಳ ಅಂಗಡಿ ತೆರೆದಿದ್ದರು. ಹುಡುಗನಾಗಿದ್ದಾಗ ಗೆಳೆಯನ ತಂದೆ ಮನೆಯಲ್ಲಿ ಬಿಯರ್ ಮಾಡುವುದನ್ನು ನೋಡಿ ಕಲಿತವರು. ಸೈಕಲ್ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡಿಕೊಂಡು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದವರು. ಅದೇ 1976ರಲ್ಲಿ ಜ್ಯಾಕ್ ಮಕಾಲಿಫ್ ಎಂಬವರು ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಹಾಕಿದ್ದರು. ಅದು 1982ರಲ್ಲಿ ಮುಚ್ಚಿಹೋಯಿತು, ಆದರೆ ಅಷ್ಟರೊಳಗೆ ಗ್ರಾಸ್‌ಮನ್ ಅದನ್ನು ನೋಡಿ ಬಂದು, ಇಷ್ಟು ಸಣ್ಣ ಪ್ರಮಾಣದಲ್ಲೂ ಬ್ರೂವರಿ ನಡೆಸಬಹುದೆಂದು ನಂಬಿಯಾಗಿತ್ತು. ಪಾಲ್ ಕಮೂಸಿ ಎಂಬ ಜೊತೆಗಾರನೊಂದಿಗೆ, ಮನೆಯವರಿಂದಲೂ ಗೆಳೆಯರಿಂದಲೂ ಸಾಲ ಎತ್ತಿ, ತಾವು ಸುತ್ತಾಡುತ್ತಿದ್ದ ಬೆಟ್ಟಸಾಲಿನ ಹೆಸರನ್ನೇ ಇಟ್ಟು ಬ್ರೂವರಿ ಶುರು ಮಾಡಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಉಪಕರಣ ಹೊಂದಿಸಿದ ಬಗೆ. ಆ ಅಳತೆಯ ಬ್ರೂವರಿ ಪಾತ್ರೆಗಳನ್ನು ಆಗ ಯಾರೂ ಮಾಡಿ ಮಾರುತ್ತಿರಲಿಲ್ಲವಾದ್ದರಿಂದ ಹಳೆಯ ಹಾಲಿನ ಡೈರಿಗಳ ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಗಳನ್ನು ತಂದು, ತಾವೇ ವೆಲ್ಡಿಂಗ್ ಕಲಿತು ಕತ್ತರಿಸಿ ಬೆಸೆದು ಕೊಳವೆ ಕೂರಿಸಿದರು. ಬಾಟಲಿ ತುಂಬುವ ಯಂತ್ರ ತಂಪು ಪಾನೀಯದ ಕಾರ್ಖಾನೆಯದು. ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಅಪ್ಪ ಕಾರ್ಯದರ್ಶಿಯಾಗಿದ್ದರು, ಹಾಲು ತಂಪು ಮಾಡುವ ತೊಟ್ಟಿಯ ಪಕ್ಕದಲ್ಲೇ ನಾನು ಬೆಳೆದವನು. ಒಳಮೈ ನುಣುಪು, ಎರಡು ಪದರದ ಗೋಡೆ, ಮೂಲೆಯಿಲ್ಲದ ತಳ, ತೊಳೆದರೆ ಒಂದು ಹನಿಯೂ ನಿಲ್ಲದ ಇಳಿಜಾರು. ಹಾಲಿಗೂ ಬಿಯರಿಗೂ ಶತ್ರು ಒಂದೇ, ಬೇಡದ ಸೂಕ್ಷ್ಮಜೀವಿ. ಆದ್ದರಿಂದ ಪಾತ್ರೆಯೂ ಒಂದೇ ಆಗಬಹುದೆಂಬುದು ನನಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಯಿತು.

1980ರ ನವೆಂಬರ್ 15ರಂದು ಅವರು ಮೊದಲು ಕಾಯಿಸಿದ್ದು ಸ್ಟೌಟ್ ಎಂಬ ಕಪ್ಪು ಬಿಯರ್. ಅದಾದ ಮೇಲೆ ಪೇಲ್ ಏಲ್‌ಗೆ ಕೈಹಾಕಿದರು, ಆದರೆ ತಾವು ಬಯಸಿದ ರುಚಿ ಪ್ರತಿಸಲವೂ ಒಂದೇ ರೀತಿ ಬರುವತನಕ ಸುಮಾರು ಹತ್ತು ಸಲ ಮಾಡಿದ್ದನ್ನು ಮೋರಿಗೆ ಚೆಲ್ಲಿದರು. ಸಾಲದ ಹಣ, ಬಾಡಿಗೆಯ ಶೆಡ್ಡು, ಮಾರಾಟವಾಗಬೇಕಾದ ಸರಕು; ಅದೂ ಕುಡಿಯಲಾಗದಷ್ಟು ಕೆಟ್ಟದ್ದೇನಲ್ಲ, ಅಂದುಕೊಂಡಂತೆ ಇರಲಿಲ್ಲ, ಅಷ್ಟೇ. ಮಾರ್ಗದರ್ಶಿ ಇದನ್ನು ಹೇಳಿದಾಗ ಗುಂಪಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಚೆಲ್ಲುವುದು ಎಂದರೇನೆಂದು ನನಗೆ ತಿಳಿದದ್ದು ಮೂರು ತಿಂಗಳ ನಂತರ.

ಬ್ರೂವರಿ ಈಗಿರುವ ಜಾಗಕ್ಕೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಜರ್ಮನಿಯ ಮುಚ್ಚಿಹೋದ ಬ್ರೂವರಿಯೊಂದರಿಂದ ಕೊಂಡು ತಂದ ತಾಮ್ರದ ಹಂಡೆಗಳನ್ನು ಅಲ್ಲಿ ಗಾಜಿನ ಹಿಂದೆ ಕೂರಿಸಿದ್ದಾರೆ. ನಮ್ಮ ಬಚ್ಚಲುಮನೆಯ ಹಂಡೆಯನ್ನು ಮನೆಯಷ್ಟು ದೊಡ್ಡದು ಮಾಡಿ ಮೇಲೆ ಗೋಪುರದಂಥ ಕೊಳವೆ ಇಟ್ಟರೆ ಹೇಗೋ ಹಾಗೆ. ಛಾವಣಿಯ ಸೌರಫಲಕಗಳು, ನೀರಿನ ಮರುಬಳಕೆ, 2014ರಲ್ಲಿ ಉತ್ತರ ಕ್ಯಾರೊಲೈನಾದ ಮಿಲ್ಸ್ ರಿವರ್‌ನಲ್ಲಿ ತೆರೆದ ಎರಡನೆಯ ಬ್ರೂವರಿ, ಇವುಗಳ ಬಗ್ಗೆ ಸಾಕಷ್ಟು ಹೇಳಿದರು, ಕೇಳಿಸಿಕೊಂಡೆ. ನನ್ನ ಮನಸ್ಸು ಸಿಕ್ಕಿಕೊಂಡದ್ದು ಹಾಪ್ಸ್ ಇಟ್ಟಿದ್ದ ತಣ್ಣನೆಯ ಕೋಣೆಯಲ್ಲಿ.

ಹಾಪ್ಸ್ ಎಂದರೆ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ನೋಡಲು ಹಸಿರು ಬಣ್ಣದ ಪುಟ್ಟ ಪೈನ್ ಕಾಯಿಯಂತೆ, ಮುಟ್ಟಿದರೆ ಒಣಗಿದ ಹೂವಿನಂತೆ ಹಗುರ. ಬಹುಪಾಲು ಬ್ರೂವರಿಗಳು ಅದನ್ನು ಪುಡಿ ಮಾಡಿ ಗುಳಿಗೆಯಂತೆ ಒತ್ತಿದ್ದನ್ನು ಬಳಸುತ್ತವೆ. ಸಿಯೆರಾ ನೆವಾಡಾದವರು ಇಡೀ ಹೂವನ್ನೇ ಬಳಸುವುದಕ್ಕೆ ಹೆಸರಾದವರು. ಒಂದು ಹೂವನ್ನು ಅಂಗೈಗೆ ಹಾಕಿ ಉಜ್ಜಿ ಮೂಸಿನೋಡಲು ಹೇಳಿದರು. ಎಸಳುಗಳ ಬುಡದಲ್ಲಿ ಅರಿಸಿನದ ಪುಡಿಯಂಥ ಹಳದಿ ಧೂಳು ಇತ್ತು, ಬೆರಳಿಗೆ ಹಲಸಿನ ಮೇಣದ ಹಾಗೆ ಅಂಟಿಕೊಂಡಿತು. ಮೊದಲು ಚಕ್ಕೋತದ ಸಿಪ್ಪೆ ಸುಲಿದ ವಾಸನೆ, ಹಿಂದೆಯೇ ದೇವದಾರು ಚಕ್ಕೆಯಂಥ ಘಾಟು. ಇದೇ ಕ್ಯಾಸ್ಕೇಡ್ ತಳಿ. ಅಮೆರಿಕದ ಕೃಷಿ ಇಲಾಖೆ ಒರೆಗಾನ್ ರಾಜ್ಯದಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ್ದ ಈ ಹೂವನ್ನು ಪೇಲ್ ಏಲ್‌ನ ಮುಖ್ಯ ಪರಿಮಳವಾಗಿ ಧಾರಾಳವಾಗಿ ಬಳಸಿದ್ದೇ ಗ್ರಾಸ್‌ಮನ್ ಮಾಡಿದ ಸಾಹಸ. ಇಂಗ್ಲೆಂಡಿನ ಪೇಲ್ ಏಲ್‌ನಲ್ಲಿ ಹಾಪ್ಸ್ ಮಣ್ಣಿನ, ಹುಲ್ಲಿನ ಮೆಲುವಾಸನೆ ಕೊಟ್ಟು ಹಿಂದೆ ನಿಲ್ಲುತ್ತದೆ. ಇಲ್ಲಿ ಅದು ಮುಂದೆ ಬಂದು ಮಾತಾಡಿಸುತ್ತದೆ. ಮನೆಗೆ ಬಂದು ಊಟ ಮಾಡುವಾಗಲೂ ನನ್ನ ಬೆರಳಿನಿಂದ ಆ ವಾಸನೆ ಹೋಗಿರಲಿಲ್ಲ.

ರುಚಿ ನೋಡಲು ಕೊಟ್ಟವುಗಳಲ್ಲಿ ಪೇಲ್ ಏಲ್ 5.6 ಶೇಕಡಾ ಮದ್ಯಸಾರದ್ದು, ಕಹಿಯ ಅಳತೆ 38. ಮಾಲ್ಟಿನ ಬಿಸ್ಕತ್ತಿನಂಥ ಸಿಹಿಯೂ ಕಹಿಯೂ ಒಂದನ್ನೊಂದು ತಡೆದು ನಿಲ್ಲುತ್ತವೆ. 7.2 ಶೇಕಡಾದ ಟಾರ್ಪೀಡೊ ಬಂದದ್ದು 2009ರಲ್ಲಿ. ಸ್ಟೀಲಿನ ಉದ್ದನೆಯ ಕೊಳಗದಲ್ಲಿ ಹಾಪ್ಸ್ ಹೂಗಳನ್ನು ತುಂಬಿ ಬಿಯರನ್ನು ಅದರೊಳಗಿಂದ ಸುತ್ತಿಸುವ ಉಪಕರಣದ ಹೆಸರನ್ನೇ ಬಿಯರಿಗೂ ಇಟ್ಟಿದ್ದಾರೆ. ಬಿಸಿ ಮಾಡದೆ ಪರಿಮಳವನ್ನಷ್ಟೇ ಇಳಿಸುವ ಈ ವಿಧಾನ ಡಿಕಾಕ್ಷನ್ ಇಳಿಸುವ ಫಿಲ್ಟರಿನ ಅಣ್ಣನಂತಿದೆ. 1983ರಿಂದ ಬರುತ್ತಿರುವ 9.6 ಶೇಕಡಾದ ಬಿಗ್‌ಫುಟ್ ನನಗೆ ಹಿಡಿಸಲಿಲ್ಲ. ಬೆಲ್ಲದ ಪಾಕಕ್ಕೆ ಬೇವು ಅರೆದಂತಿತ್ತು. ವರ್ಷಗಟ್ಟಲೆ ಇಟ್ಟು ಕುಡಿಯಬೇಕಾದ್ದು ಎಂದು ಪಕ್ಕದವರು ಸಮಾಧಾನ ಹೇಳಿದರು. ನನ್ನ ಪಾಲಿಗೆ ಇವರ ಅತ್ಯುತ್ತಮ ಬಿಯರ್ ಎಂದರೆ 1981ರಿಂದ ವರ್ಷದ ಕೊನೆಯಲ್ಲಿ ಮಾತ್ರ ಬರುವ ಸೆಲೆಬ್ರೇಶನ್. ಕೆಂಪು ಚೀಟಿ ನೋಡಿ ಕ್ರಿಸ್‌ಮಸ್ಸಿನ ಚಕ್ಕೆಲವಂಗ ಹಾಕಿರುತ್ತಾರೆಂದು ಬಹಳ ಜನ ತಿಳಿಯುತ್ತಾರೆ. ಅದರಲ್ಲಿ ಮಸಾಲೆಯ ಸುಳಿವೇ ಇಲ್ಲ, ಆ ವರ್ಷದ ಮೊದಲ ಕೊಯ್ಲಿನ ಹಾಪ್ಸ್ ಅಷ್ಟೇ.

ಇನ್ನೊಂದು ಬಿಯರಿನ ನೆನಪೂ ನನಗಿತ್ತು. 2018ರ ನವೆಂಬರ್ 8ರಂದು ಚಿಕೋದ ಪಕ್ಕದ ಪ್ಯಾರಡೈಸ್ ಊರನ್ನು ಕಾಡ್ಗಿಚ್ಚು ಸುಟ್ಟು 85 ಜನ ಸತ್ತರು. ಸ್ಯಾಕ್ರಮೆಂಟೊದಲ್ಲಿ ನಾವು ದಿನಗಟ್ಟಲೆ ಹೊಗೆಯಲ್ಲಿ ಮುಖಗವಸು ಹಾಕಿಕೊಂಡು ಓಡಾಡಿದ್ದೆವು, ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮನೆ ಕಳೆದುಕೊಂಡವರಲ್ಲಿ ಬ್ರೂವರಿಯ ಕೆಲಸಗಾರರೂ ಇದ್ದರು. ಆಗ ಸಿಯೆರಾ ನೆವಾಡಾದವರು ರೆಸಿಲಿಯನ್ಸ್ ಎಂಬ, ಹಾಪ್ಸ್ ಹೆಚ್ಚಿರುವ ಐಪಿಎ ಬಗೆಯ ಬಿಯರೊಂದರ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟು, ಮಾಡಿ ಮಾರಿದ ಹಣವನ್ನೆಲ್ಲ ಸಂತ್ರಸ್ತರಿಗೆ ಕೊಡಿ ಎಂದು ಕೇಳಿಕೊಂಡರು. 1,400ಕ್ಕೂ ಹೆಚ್ಚು ಬ್ರೂವರಿಗಳು ಮಾಡಿದವು. ನಮ್ಮ ಮನೆಯ ಹತ್ತಿರದ ಪುಟ್ಟ ಬ್ರೂವರಿಯಲ್ಲಿ ಅದನ್ನು ಕುಡಿದಿದ್ದೆ. ಬೇರೆಯವರ ಕೈಯಲ್ಲಿ ಅದೇ ವಿಧಾನ ಬೇರೆಯೇ ರುಚಿ ಕೊಡುತ್ತದೆ ಎಂಬುದು ಅಂದು ನನ್ನ ತಲೆಗೆ ಹೋಗಿರಲಿಲ್ಲ.

ಚಿಕೋದಿಂದ ಮರಳುವಾಗ ಹೆಂಡತಿಗೆ, “ಪೇಲ್ ಏಲ್ ಒಂದು ಸಲ ಮನೆಯಲ್ಲೇ ಮಾಡಿ ನೋಡೋಣ” ಎಂದೆ. “ನೋಡೋಣ ಅನ್ನಬೇಡಿ, ನೋಡುತ್ತೇನೆ ಅನ್ನಿ” ಎಂದಳು.

ಜುಲೈ ತಿಂಗಳಲ್ಲಿ ಮೊದಲ ಹಂಡೆ ಕಾಯಿಸಿದೆ. 19 ಲೀಟರಿಗೆ ನಾಲ್ಕೂವರೆ ಕಿಲೋ ಬಾರ್ಲಿ ಮಾಲ್ಟ್, 400 ಗ್ರಾಂ ಹುರಿದ ಕ್ಯಾರಮೆಲ್ ಮಾಲ್ಟ್. ಮಾಲ್ಟ್ ಎಂದರೆ ನಮ್ಮವರಿಗೆ ಹೊಸದೇನೂ ಅಲ್ಲ: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿ ಮಕ್ಕಳಿಗೆ ಕೊಡುತ್ತೇವಲ್ಲ, ಅದೇ ಕೆಲಸವನ್ನು ಬಾರ್ಲಿಗೆ ಮಾಡಿರುತ್ತಾರೆ. ಮೊಳಕೆಯೊಡೆದಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚೆತ್ತಿರುತ್ತವೆ. ಅಂಗಡಿಯವರೇ ಒಡೆದುಕೊಟ್ಟ ಮಾಲ್ಟನ್ನು 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಚ್ಚಿಟ್ಟರೆ ಆ ಕಿಣ್ವಗಳು ಕೆಲಸ ಮುಗಿಸುತ್ತವೆ. ನಾಲ್ಕೈದು ಡಿಗ್ರಿ ಹೆಚ್ಚಾದರೆ ಹುದುಗದ ಸಕ್ಕರೆ ಉಳಿದು ಬಿಯರ್ ಸಪ್ಪೆಸಿಹಿಯಾಗುತ್ತದೆ, ಕಡಿಮೆಯಾದರೆ ತೆಳ್ಳಗಾಗುತ್ತದೆ. ತಟ್ಟೆಯಲ್ಲಿ ಒಂದು ಚಮಚ ರಸಕ್ಕೆ ಟಿಂಚರ್ ಅಯೋಡಿನ್ ತೊಟ್ಟು ಬಿಟ್ಟೆ, ನೀಲಿಗೆ ತಿರುಗಲಿಲ್ಲ. ಎಂಟನೆಯ ತರಗತಿಯ ಪ್ರಯೋಗ ಮೂವತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು. ಬಸಿದ ರಸವನ್ನು ಒಂದು ಗಂಟೆ ಕುದಿಸಬೇಕು. ಅದು ಹಾಲಿನಂತೆಯೇ ಹೇಳದೆ ಕೇಳದೆ ಉಕ್ಕುತ್ತದೆ, ಉಕ್ಕಿತು ಕೂಡ. ಕುದಿ ಶುರುವಾದಾಗ ಕಹಿಗೆಂದು 15 ಗ್ರಾಂ ಮ್ಯಾಗ್ನಮ್ ಹಾಪ್ಸ್, ಮುಗಿಯಲು ಹತ್ತು ನಿಮಿಷ ಇರುವಾಗ 28 ಗ್ರಾಂ ಕ್ಯಾಸ್ಕೇಡ್, ಒಲೆ ಆರಿಸಿದ ಮೇಲೆ ಮತ್ತೆ 42 ಗ್ರಾಂ. ಹೆಚ್ಚು ಹೊತ್ತು ಕುದಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಗೆ ಹಾಕಿದ್ದು ಪರಿಮಳ ಕೊಡುತ್ತದೆ. ಒಗ್ಗರಣೆಯ ಇಂಗಿಗೂ ಇಳಿಸಿದ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ.

ತಪ್ಪಿದ್ದು ಅಲ್ಲಿಂದ ಮುಂದೆ. ಕುದಿದ ರಸವನ್ನು ತಾಮ್ರದ ಸುರುಳಿ ಕೊಳವೆಯಲ್ಲಿ ನಲ್ಲಿನೀರು ಹರಿಸಿ 18 ಡಿಗ್ರಿಗೆ ಇಳಿಸಬೇಕಿತ್ತು. ಜುಲೈನಲ್ಲಿ ನಲ್ಲಿನೀರೇ 24 ಡಿಗ್ರಿ ಇದ್ದದ್ದರಿಂದ ರಸ 27ರಲ್ಲೇ ನಿಂತಿತು. ಸಾಕು ಎಂದುಕೊಂಡು, ಸಕ್ಕರೆಯನ್ನು ಹುದುಗಿಸಿ ಮದ್ಯ ಮಾಡುವ ಯೀಸ್ಟ್ ಉದುರಿಸಿ, ಡಬ್ಬವನ್ನು ಗ್ಯಾರೇಜಿನಲ್ಲಿ ಇಟ್ಟೆ. ಆ ಯೀಸ್ಟ್ ಕೂಡ ಚಿಕೋದ್ದೇ. ಸಿಯೆರಾ ನೆವಾಡಾದಲ್ಲಿ ಬಳಸುವ ತಳಿ ಎಂದು ಹೆಸರಾಗಿ, ಇಂದು ಬೇರೆ ಬೇರೆ ಕಂಪನಿಗಳ ಪೊಟ್ಟಣಗಳಲ್ಲಿ ಜಗತ್ತಿನಾದ್ಯಂತ ಮಾರಾಟವಾಗುತ್ತದೆ. ತನ್ನ ಗುಣವನ್ನು ಬಿಯರಿನ ಮೇಲೆ ಹೇರದೆ ಹಾಪ್ಸನ್ನೂ ಮಾಲ್ಟನ್ನೂ ಮಾತಾಡಲು ಬಿಡುವ ಸಾಧು ಯೀಸ್ಟ್ ಎಂಬ ಖ್ಯಾತಿ ಅದರದು. ಆದರೆ 34 ಡಿಗ್ರಿಯ ಗ್ಯಾರೇಜಿನಲ್ಲಿ ಯಾವ ಸಾಧುವೂ ಸಾಧುವಾಗಿ ಉಳಿಯುವುದಿಲ್ಲ. ನಾಲ್ಕು ದಿನ ಆಗಬೇಕಾದ ಹುದುಗು ಒಂದೂವರೆ ದಿನದಲ್ಲಿ ಮುಗಿಯಿತು, ಮುಚ್ಚಳದ ಕೊಳವೆಯಿಂದ ನೊರೆ ಉಕ್ಕಿ ನೆಲಕ್ಕೆಲ್ಲ ಹರಿಯಿತು. ಇಷ್ಟು ಜೋರಾಗಿ ನಡೆಯಿತಲ್ಲ ಎಂದು ನಾನು ಸಂತೋಷಪಟ್ಟೆ.

ಬಾಟಲಿಗೆ ತುಂಬಿ ಮೂರು ವಾರ ಇಟ್ಟು, ಆಗಸ್ಟಿನಲ್ಲಿ ಮೊದಲನೆಯದನ್ನು ತೆರೆದಾಗ ಬಂದದ್ದು ಉಗುರುಬಣ್ಣ ಒರೆಸುವ ದ್ರವದ ವಾಸನೆ. ಒಂದು ಗುಟುಕಿಗೆ ಗಂಟಲು ಕಾವೇರಿತು, ಅರ್ಧ ಲೋಟಕ್ಕೆ ಹಣೆ ಸಿಡಿಯತೊಡಗಿತು. ಒಂದು ಬಾಟಲಿ ಹೀಗಿರಬಹುದೆಂದು ಇನ್ನೊಂದು ತೆರೆದೆ, ಮತ್ತೊಂದು ತೆರೆದೆ. ಒಟ್ಟು 46 ಬಾಟಲಿ. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಉಳಿದವನ್ನೂ ಒಂದೊಂದಾಗಿ ಮುಚ್ಚಳ ಕಿತ್ತು ಸುರಿದೆ. ಪ್ರತಿ ಬಾಟಲಿಯೂ ಬಾಯಿ ಕೆಳಗೆ ಮಾಡಿದಾಗ ಗುಳುಗುಳು ಎಂದು ನಾಲ್ಕು ಸಲ ಉಸಿರೆಳೆದುಕೊಳ್ಳುತ್ತದೆ, ನೊರೆ ಸಿಂಕಿನ ಅಂಚಿನವರೆಗೆ ಏರಿ ನಿಧಾನವಾಗಿ ಇಳಿಯುತ್ತದೆ, ಇಳಿಯುವವರೆಗೆ ಕಾಯಬೇಕು. ಮುಗಿಯಲು ಒಂದು ಗಂಟೆ ಹಿಡಿಯಿತು. ನಾನು ಕಳೆದುಕೊಂಡದ್ದು ಸುಮಾರು 40 ಡಾಲರಿನ ಸಾಮಾನು ಮತ್ತು ಎರಡು ರಜೆಯ ದಿನ. ಸಾಲ ಮಾಡಿ ತೊಟ್ಟಿಗಟ್ಟಲೆ ಕಾಯಿಸಿ, ಹತ್ತು ಸಲ ಹೀಗೆ ನಿಂತು ನೋಡಿದವರ ಬಗ್ಗೆ ನಕ್ಕಿದ್ದೆನಲ್ಲ ಎಂದು ಅಂದು ನಾಚಿಕೆಯಾಯಿತು.

ಎರಡನೆಯ ಹಂಡೆ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಅಮ್ಮ ಹಾಸನದಿಂದ ಬಂದಿದ್ದರು. ಮನೆಯಲ್ಲಿ ಹೆಂಡ ಕಾಯಿಸುವುದನ್ನು ಅವರು ಒಪ್ಪುತ್ತಾರೆಂಬ ಭರವಸೆ ನನಗಿರಲಿಲ್ಲ, ಆದ್ದರಿಂದ ಅವರು ಮಲಗಿದ್ದ ಮಧ್ಯಾಹ್ನವನ್ನೇ ಆರಿಸಿಕೊಂಡೆ. ಈ ಸಲ ಅಂಗಡಿಯಲ್ಲಿ ಅವಸರ ಮಾಡಿ ಒಡೆಯದ ಮಾಲ್ಟನ್ನೇ ತಂದುಬಿಟ್ಟಿದ್ದೆ. ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆಂದು ಮಿಕ್ಸಿಗೆ ಹಾಕಿ ಸ್ವಲ್ಪ ಸ್ವಲ್ಪವಾಗಿ ಎಲ್ಲವನ್ನೂ ಪುಡಿ ಮಾಡಿದೆ. ಒಂದು ಗಂಟೆ ನೆನೆಸಿ, ತಳದ ನಲ್ಲಿ ತಿರುಗಿಸಿದರೆ ಒಂದು ಲೋಟ ಬಂದು ನಿಂತುಹೋಯಿತು. ಊದಿದೆ, ಕಲಕಿದೆ, ಜಾಡಿಸಿದೆ, ಹನಿಯೂ ಇಳಿಯಲಿಲ್ಲ. ಮಿಕ್ಸಿಯ ಸದ್ದಿಗೋ ವಾಸನೆಗೋ ಎದ್ದು ಬಂದ ಅಮ್ಮ ಬಾಗಿಲಲ್ಲಿ ನಿಂತು, “ಏನೋ ಇದು, ಹುರುಳಿ ಬೇಯಿಸಿದ ವಾಸನೆ ಬರ್ತಿದೆ? ಬಸ್ಸಾರು ಮಾಡ್ತಿದ್ದೀಯಾ?” ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬಿಯರ್ ಮಾಡ್ತಿದ್ದೀನಿ ಅಮ್ಮ” ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಹಂಡೆಯ ಹತ್ತಿರ ಬಂದು, ಸೌಟಿನಿಂದ ಒಂದಿಷ್ಟು ತೆಗೆದು ಎರಡು ಬೆರಳ ನಡುವೆ ತಿಕ್ಕಿ, “ಹಿಟ್ಟು ಮಾಡಿಬಿಟ್ಟಿದ್ದೀಯಲ್ಲೋ. ಅಂಬಲಿ ಆಗಿ ಕೂತಿದೆ. ಇದು ಎಲ್ಲಿ ಬಸಿಯುತ್ತೆ? ನುಚ್ಚು ಮಾಡಬೇಕಿತ್ತು, ಹೊಟ್ಟು ಹಾಗೇ ಉಳಿಯಬೇಕಿತ್ತು” ಎಂದರು.

ನಾನು ಓದಿದ್ದ ಎಲ್ಲ ಮಾಹಿತಿಯ ಸಾರ ಅದೇ. ಬಾರ್ಲಿಯ ಹೊಟ್ಟು ಹರಿಯದೆ ಉಳಿದರೆ ಅದೇ ಪದರುಪದರಾಗಿ ಕೂತು ಜರಡಿಯಾಗುತ್ತದೆ. ರಸ ಅದರ ಮೂಲಕ ಇಳಿಯುತ್ತದೆ. ಅದಕ್ಕೇ ಬ್ರೂವರಿಯ ಗಿರಣಿಯಲ್ಲಿ ಕಾಳನ್ನು ಉರುಳೆಗಳ ನಡುವೆ ಒತ್ತಿ ಬಿರಿಯುತ್ತಾರೆ, ಅರೆಯುವುದಿಲ್ಲ. ಇದು ಓದಿ ತಿಳಿದಿದ್ದ ವಿಷಯ. ಆದರೆ ‘ನುಚ್ಚು’ ಎಂಬ ಮಾತು ಆ ಹೊತ್ತಿನಲ್ಲಿ ನನಗೆ ಹೊಳೆದಿದ್ದರೆ ಮಿಕ್ಸಿಯ ಹತ್ತಿರ ಹೋಗುತ್ತಿರಲಿಲ್ಲ. ಅಮ್ಮನೇ ಅಕ್ಕಿ ತೊಳೆಯುವ ಬುಟ್ಟಿಗೆ ತೆಳು ಪಂಚೆ ಹಾಸಿ, ಸ್ವಲ್ಪ ಸ್ವಲ್ಪ ಸುರಿದು, ಹಿಂಡದೆ, ತಾನಾಗಿ ಇಳಿಯಲು ಬಿಟ್ಟು ಬಸಿದುಕೊಟ್ಟರು. ನಾನು ಮಾತ್ರ ತಾಳ್ಮೆಯಿಲ್ಲದೆ ಉಳಿದದ್ದಕ್ಕೆ ಕುದಿಯುವ ನೀರು ಹೊಯ್ದೆ. ಉಳಿದ ಪಿಪ್ಪೆಯನ್ನು ನೋಡಿ, “ಹಸು ಇದ್ದಿದ್ದರೆ ಹಾಕಬಹುದಿತ್ತು” ಎಂದರು. ಚಿಕೋದಲ್ಲೂ ಅದು ದನಗಳಿಗೇ ಹೋಗುತ್ತದೆ, ಬೆಂಗಳೂರಿನ ಸುತ್ತಮುತ್ತ ಹಾಲು ಹಾಕುವವರೂ ಬ್ರೂವರಿಯ ಪಿಪ್ಪೆಯನ್ನು ಒಯ್ದು ತಿನ್ನಿಸುತ್ತಾರೆ ಎಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಅರ್ಧ ಸೇರು ಪಿಪ್ಪೆಯನ್ನು ಅಕ್ಕಿಹಿಟ್ಟಿಗೆ ಬೆರೆಸಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಸಂಜೆಗೆ ರೊಟ್ಟಿ ತಟ್ಟಿದರು. ಹೊಟ್ಟು ಗಂಟಲಿಗೆ ಚುಚ್ಚಿತು. ಹಾಗೆಂದು ಯಾರೂ ಹೇಳಲಿಲ್ಲ.

ಈ ಸಲ ಹುದುಗುವ ಡಬ್ಬವನ್ನು ನೀರು ತುಂಬಿದ ಟಬ್ಬಿನಲ್ಲಿ ಇಟ್ಟು, ಒದ್ದೆ ಟವೆಲು ಹೊದಿಸಿ, ಫ್ಯಾನ್ ಹಚ್ಚಿದ್ದೆ. ಮಣ್ಣಿನ ಹೂಜಿಯ ನ್ಯಾಯ. 20 ಡಿಗ್ರಿ ದಾಟಲಿಲ್ಲ. ಬಿಯರಿನಲ್ಲಿ ಘಾಟು ಇರಲಿಲ್ಲ, ಪರಿಮಳ ಚೆನ್ನಾಗಿತ್ತು, ಆದರೆ ಕೊನೆಯಲ್ಲಿ ನಾಲಗೆ ಒಣಗಿಸುವ ಒಗರು. ಪುಡಿಯಾದ ಹೊಟ್ಟಿನ ಮೇಲೆ ಕುದಿನೀರು ಹೊಯ್ದರೆ ಚಹಾ ಸೊಪ್ಪು ಹೆಚ್ಚು ಕುದಿಸಿದಂತೆ ಒಗರು ಇಳಿಯುತ್ತದೆ. ಕುಡಿದ ಗೆಳೆಯರೆಲ್ಲ “ಪರವಾಗಿಲ್ಲ ರೀ, ಕುಡಿಯಬಹುದು” ಎಂದರು. ಕುಡಿಯಬಹುದಿತ್ತು. ಆದ್ದರಿಂದ ನಾನು ಅದನ್ನು ಚೆಲ್ಲಲಿಲ್ಲ, ಬಂದವರಿಗೆಲ್ಲ ಕೊಟ್ಟು ಖಾಲಿ ಮಾಡಿದೆ. ಕೆಟ್ಟದ್ದನ್ನು ಚೆಲ್ಲಲು ಎದೆಗಾರಿಕೆ ಬೇಕಿಲ್ಲ, ನಾನೂ ಚೆಲ್ಲಿದ್ದೆ. ಪರವಾಗಿಲ್ಲದ್ದನ್ನು ಚೆಲ್ಲಿದವರು ಅವರು. ಆ ವ್ಯತ್ಯಾಸ ಪೇಲ್ ಏಲ್‌ನ ಪ್ರತಿ ಬಾಟಲಿಯಲ್ಲೂ ಇದೆ ಎಂದು ಈಗ ನನಗೆ ಅನ್ನಿಸುತ್ತದೆ. ಒಂದು ಸಲ ಒಳ್ಳೆಯ ಬಿಯರ್ ಮಾಡುವುದು ಅದೃಷ್ಟವಿದ್ದರೆ ಯಾರಿಗೂ ಆದೀತು. ಪ್ರತಿ ವರ್ಷದ ಬಾರ್ಲಿ ಬೇರೆ, ಪ್ರತಿ ಕೊಯ್ಲಿನ ಹಾಪ್ಸ್ ಬೇರೆ, ಯೀಸ್ಟಂತೂ ಜೀವಂತ ಸೂಕ್ಷ್ಮಜೀವಿ. ಇವೆಲ್ಲವನ್ನೂ ಹಿಡಿದು ನಾಲ್ಕು ದಶಕಗಳಿಂದ ಅದೇ ರುಚಿಗೆ ತಂದು ನಿಲ್ಲಿಸುವುದು ನನ್ನಂಥವನ ಊಹೆಗೆ ಮೀರಿದ ಕೆಲಸ.

ಮೂರನೆಯದಕ್ಕೆ ಜನವರಿಯಲ್ಲಿ ಕೈಹಾಕುವ ಮೊದಲು ಹಳೆಯ ಫ್ರಿಜ್ಜೊಂದನ್ನು ಕೊಂಡು, ಅದಕ್ಕೆ ಉಷ್ಣತೆ ಹಿಡಿದಿಡುವ ಸ್ವಿಚ್ಚು ಜೋಡಿಸಿದೆ. ನಲ್ಲಿನೀರಿನ ಕ್ಲೋರಿನ್ ತೆಗೆಯಲು ಅರ್ಧ ಕ್ಯಾಂಪ್ಡೆನ್ ಮಾತ್ರೆ ಹಾಕಿದೆ. ಮಾಲ್ಟನ್ನು ಅಂಗಡಿಯಲ್ಲೇ ಬಿರಿಸಿ ತಂದೆ. ಜಾಲಿಸುವ ನೀರು 76 ಡಿಗ್ರಿ ದಾಟದಂತೆ ಥರ್ಮಾಮೀಟರ್ ಹಿಡಿದೇ ನಿಂತೆ. ಮಿಕ್ಕ ಕೆಲಸವೆಲ್ಲ ತೊಳೆಯುವುದು. ಎಂಟು ಗಂಟೆಯ ಕೆಲಸದಲ್ಲಿ ಐದು ಗಂಟೆ ತೊಳೆದಿದ್ದೇನೆ ಎಂದರೆ ಉತ್ಪ್ರೇಕ್ಷೆಯಲ್ಲ. ಹುದುಗುವ ಮೊದಲು ಹೈಡ್ರೊಮೀಟರ್ ತೇಲಿಬಿಟ್ಟಾಗ 1.053 ತೋರಿಸಿತು. ಡೈರಿಯಲ್ಲಿ ಅಪ್ಪ ಹಾಲಿಗೆ ಲ್ಯಾಕ್ಟೊಮೀಟರ್ ಇಳಿಬಿಟ್ಟು ಕಣ್ಣು ಕಿರಿದು ಮಾಡಿ ಓದುತ್ತಿದ್ದರಲ್ಲ, ಹಾಗೆಯೇ ಬಗ್ಗಿ ಓದಿದೆ. ಅಲ್ಲಿ ಸಾಂದ್ರತೆ ಇಳಿದರೆ ನೀರು ಬೆರೆಸಿದ್ದಾರೆಂದು ಅರ್ಥ. ಇಲ್ಲಿ ಇಳಿದರೆ ಸಕ್ಕರೆ ಮದ್ಯವಾಗಿದೆ ಎಂದು. 18 ಡಿಗ್ರಿಯಲ್ಲಿ ಎರಡು ವಾರ ಇಟ್ಟ ಮೇಲೆ 1.012ಕ್ಕೆ ಇಳಿದು ನಿಂತಿತು, ಅಂದರೆ ಸುಮಾರು 5.4 ಶೇಕಡಾ. ಬಾಟಲಿಯಲ್ಲೇ ಗಾಳಿ ಹುಟ್ಟಲೆಂದು 120 ಗ್ರಾಂ ಮೆಕ್ಕೆಜೋಳದ ಸಕ್ಕರೆಯನ್ನು ಪಾಕ ಮಾಡಿ ಬೆರೆಸಿ ತುಂಬಿದೆ. ಚಿಕೋದ ಪೇಲ್ ಏಲ್ ಬಾಟಲಿಯ ತಳದಲ್ಲಿಯೂ ನೋಡಿದರೆ ತೆಳುವಾಗಿ ಯೀಸ್ಟಿನ ಗಸಿ ಕಾಣುತ್ತದೆ. ಅವರೂ ಅದನ್ನು ಬಾಟಲಿಯಲ್ಲೇ ಎರಡನೆಯ ಸಲ ಹುದುಗಲು ಬಿಡುವವರು.

ಫೆಬ್ರವರಿ ಕೊನೆಯಲ್ಲಿ ಎರಡು ಲೋಟ ಪಕ್ಕಪಕ್ಕದಲ್ಲಿ ಇಟ್ಟು ಒಂದಕ್ಕೆ ಅವರದನ್ನೂ ಇನ್ನೊಂದಕ್ಕೆ ನನ್ನದನ್ನೂ ಸುರಿದೆ. ಬಣ್ಣ ಒಂದೇ, ತಿಳಿಯಾದ ಜೇನಿನದು. ನನ್ನದರ ನೊರೆ ಎರಡು ನಿಮಿಷದಲ್ಲಿ ಕುಸಿಯಿತು, ಅವರದು ಲೋಟದ ಒಳಮೈಗೆ ಜಾಲರಿಯಂತೆ ಅಂಟಿಕೊಂಡು ಕೊನೆಯವರೆಗೂ ಇತ್ತು. ಒಗರಿಲ್ಲ, ಘಾಟಿಲ್ಲ. ಚಕ್ಕೋತದ ವಾಸನೆ ನನ್ನದರಲ್ಲಿ ಬಾಗಿಲಾಚೆ ನಿಂತಂತಿತ್ತು, ಒಳಗೆ ಬಂದಿರಲಿಲ್ಲ. ಎರಡನ್ನೂ ಮೂಸಿದ ಹೆಂಡತಿ ಒಂದೂ ಮಾತಾಡದೆ ಚಿಕೋದ ಲೋಟವನ್ನು ಎತ್ತಿಕೊಂಡು ಸೋಫಾಕ್ಕೆ ಹೋದಳು.

ಆ ರಾತ್ರಿ ಅಮ್ಮ ಊರಿನಿಂದ ಫೋನು ಮಾಡಿದಾಗ, ಹೊಲ, ಮಳೆ, ಅತ್ತಿಗೆಯ ಮಂಡಿನೋವು ಎಲ್ಲ ಆದ ಮೇಲೆ, ಯಾರಾದರೂ ಕೇಳಿಸಿಕೊಂಡಾರೆಂದು ದನಿ ತಗ್ಗಿಸಿ, “ಅದು ಬಸಿಯಿತೇನೋ ಈ ಸಲ?” ಎಂದು ಕೇಳಿದರು.

“ಬಸಿಯಿತು ಅಮ್ಮ. ನುಚ್ಚು ಮಾಡಿಸಿದ್ದೆ.”

“ಹೂಂ” ಎಂದು ಫೋನಿಟ್ಟರು. ನಾನು ನೋಟ್‌ಪುಸ್ತಕ ತೆಗೆದು ನಾಲ್ಕನೆಯ ಹಂಡೆಯ ಪುಟದಲ್ಲಿ ಕೊನೆಗೆ ಹಾಕುವ ಕ್ಯಾಸ್ಕೇಡ್ 42 ಗ್ರಾಂ ಎಂದಿದ್ದದ್ದನ್ನು ಹೊಡೆದು 56 ಎಂದು ಬರೆದೆ, ಉಳಿದ ಯಾವುದನ್ನೂ ಮುಟ್ಟಲಿಲ್ಲ.